ಅಶ್ವರೋಗ ನಿದಾನದ ಇತಿಹಾಸ

ಕುದುರೆಯ ನಿಲುವು, ಕಿವಿ, ಕಣ್ಣು, ಉಸಿರು, ಮೇವು, ಲದ್ದಿಗಳನ್ನು ನೋಡಿ ಅದರ ಕಾಯಿಲೆಯನ್ನು ಗುರುತಿಸುವ ವಿದ್ಯೆಯೇ ಅಶ್ವರೋಗ ನಿದಾನ. ರೋಗಿ ಬಾಯಿಬಿಟ್ಟು ಹೇಳದ ಈ ವೈದ್ಯದಲ್ಲಿ ಮದ್ದಿಗಿಂತ ನೋಟಕ್ಕೇ ಮೊದಲ ಸ್ಥಾನ. ಕುದುರೆ ಕಾಡುಮೃಗಗಳಿಗೆ ಬಲಿಯಾಗುತ್ತ ಹಿಂಡಿನಲ್ಲಿ ಬಾಳಿದ ಪ್ರಾಣಿ. ಹೊಸಬರೆದುರು ಅದು ತನ್ನ ನೋವನ್ನು ಅಡಗಿಸಿಕೊಳ್ಳುವುದುಂಟು. ಆದುದರಿಂದ ಎಲ್ಲ ಕಾಲದಲ್ಲೂ ರೋಗದ ಮೊದಲ ಸುಳಿವು ಸಿಕ್ಕಿರುವುದು ಹೆಚ್ಚಾಗಿ ದಿನವೂ ಲಾಯದಲ್ಲಿ ಜೊತೆಗಿರುವ ಆಳಿಗೆ.

ಈ ವಿಷಯದ ತೀರ ಹಳೆಯ ಬರಹಗಳಲ್ಲಿ ಸಿರಿಯಾದ ಕರಾವಳಿಯ ಉಗಾರಿಟ್ ನಗರದ ಜೇಡಿಮಣ್ಣಿನ ಫಲಕಗಳು ಸೇರಿವೆ. ಅವು ಕ್ರಿ.ಪೂ. 14-13ನೇ ಶತಮಾನದವು. ಮೊದಲು ಕುದುರೆಯಲ್ಲಿ ಕಾಣುವ ಲಕ್ಷಣ, ಅನಂತರ ಮೂಗಿನ ಹೊಳ್ಳೆಯೊಳಗೆ ಹೊಯ್ಯಬೇಕಾದ ಮದ್ದು ಎಂಬ ಕ್ರಮ ಅವುಗಳಲ್ಲಿದೆ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೋಫನ್ ತನ್ನ ಅಶ್ವಾರೋಹಣ ಗ್ರಂಥದಲ್ಲಿ, ಒಡೆಯನ ಕಣ್ಣಿಗೆ ಮೇಲಿಂದ ಮೇಲೆ ಬೀಳುವ ಜಾಗದಲ್ಲಿ ಲಾಯವಿರಬೇಕೆಂದು ಹೇಳುತ್ತಾನೆ. ಕುದುರೆ ಮೇವನ್ನು ಚೆಲ್ಲುತ್ತಿದ್ದರೆ ಅದಕ್ಕೆ ದಣಿವೋ ಅಜೀರ್ಣವೋ ಬೇರೊಂದು ರೋಗವೋ ಹತ್ತಿರದಲ್ಲಿದೆ ಎಂದು ತಿಳಿಯಬೇಕು. ಮೊದಲಿಗೇ ಕಂಡ ರೋಗವನ್ನು ಗುಣಪಡಿಸುವುದು ಸುಲಭ ಎಂಬುದು ಅವನ ವಾದ. ಇಂದಿನ ಪಶುವೈದ್ಯರು ಕೂಡ ಇದನ್ನೇ ಹೇಳುತ್ತಾರೆ. ಮುಂದೆ ಬೈಜಾಂಟಿಯಂನಲ್ಲಿ ಸಂಕಲನಗೊಂಡ ‘ಹಿಪ್ಪಿಯಾಟ್ರಿಕಾ’ದಲ್ಲಿ ಆಪ್ಸಿರ್ಟಸ್ ಎಂಬ ವೈದ್ಯನ ಬರಹಗಳು ಪತ್ರರೂಪದಲ್ಲಿ ಉಳಿದುಬಂದಿವೆ.

ಭಾರತದಲ್ಲಿ ಈ ಶಾಸ್ತ್ರಕ್ಕೆ ಮೂಲಪುರುಷನೆಂದು ಹೆಸರಾದವನು ಶಾಲಿಹೋತ್ರ. ಅವನ ಹೆಸರೇ ಕೊನೆಗೆ ಶಾಸ್ತ್ರದ ಹೆಸರಾಯಿತು. ಕೌಟಿಲ್ಯನ ‘ಅರ್ಥಶಾಸ್ತ್ರ’ ಅಶ್ವಾಧ್ಯಕ್ಷನ ಕೆಲಸಗಳ ಜೊತೆಗೆ ಕುದುರೆಯ ವೈದ್ಯರ ಹೊಣೆಯನ್ನೂ ಹೇಳುತ್ತದೆ. ಜಯದತ್ತನ ‘ಅಶ್ವವೈದ್ಯಕ’ ಸಂಸ್ಕೃತದ ಮತ್ತೊಂದು ಮುಖ್ಯ ಗ್ರಂಥ. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನವರಿಗೆ ಕುದುರೆ ಸಾಕಲು ಬಾರದೆಂದೂ ಹಡಗಿನಲ್ಲಿ ಬಂದ ಕುದುರೆಗಳು ಬೇಗ ಸಾಯುತ್ತಿದ್ದವೆಂದೂ ಬರೆದ. ದಕ್ಷಿಣ ಭಾರತಕ್ಕೆಲ್ಲ ಈ ಮಾತನ್ನು ಅನ್ವಯಿಸುವುದು ನ್ಯಾಯವಲ್ಲ. ಮುಂದೆ ಅಭಿನವಚಂದ್ರ ಕನ್ನಡದಲ್ಲಿ ‘ಅಶ್ವವೈದ್ಯ’ವನ್ನು ಬರೆದ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ಬಂತು. ಅಶ್ವಬಲವನ್ನು ನೆಚ್ಚಿದ ಈ ನಾಡಿನಲ್ಲಿ ಕುದುರೆಯ ಆರೋಗ್ಯ ರಾಜ್ಯದ ಉಳಿವಿನ ಪ್ರಶ್ನೆಯೇ ಆಗಿತ್ತು.

ಯುರೋಪಿನಲ್ಲಿ ಕ್ಲೋಡ್ ಬೂರ್ಜೆಲಾ 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದ. ಶಿಕ್ಷಣ ಸುಧಾರಿಸಿದರೂ ರಕ್ತ ತೆಗೆಯುವಂಥ ಹಳೆಯ ಚಿಕಿತ್ಸೆ 19ನೇ ಶತಮಾನದವರೆಗೂ ನಿಲ್ಲಲಿಲ್ಲ. ಹಿಂದಿನವರ ಮದ್ದುಗಳಲ್ಲಿ ಬಹುಪಾಲು ಬಿದ್ದುಹೋಗಿವೆ. ಆದರೆ ಅವರು ಗುರುತಿಸಿದ ಲಕ್ಷಣಗಳಲ್ಲಿ ಹಲವು ಇಂದಿಗೂ ಉಪಯೋಗದಲ್ಲಿವೆ.

ಹೊಟ್ಟೆಶೂಲೆ ಇದಕ್ಕೆ ಒಳ್ಳೆಯ ನಿದರ್ಶನ. ಶೂಲೆ ಹತ್ತಿದ ಕುದುರೆ ಮೊದಲು ಮೇವು ಬಿಡುತ್ತದೆ. ಕತ್ತು ಹೊರಳಿಸಿ ಪಕ್ಕೆಯನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮೇಲ್ದುಟಿಯನ್ನು ಸುರುಳಿಸುತ್ತದೆ. ನೋವು ಏರಿದಂತೆ ಬೆವರುತ್ತದೆ. ಮಲಗಿ ಹೊರಳಾಡಿ, ಎದ್ದು, ಮತ್ತೆ ಮಲಗುತ್ತದೆ. ಅನ್ನನಾಳವು ಜಠರವನ್ನು ಸೇರುವಲ್ಲಿನ ಸ್ನಾಯು ಬಹಳ ಬಿಗಿಯಾಗಿರುವುದರಿಂದ ಕುದುರೆ ವಾಂತಿ ಮಾಡಲಾರದು. ತುಂಬಿದ ಜಠರ ಬಿರಿದು ಸಾಯುವ ಅಪಾಯವೂ ಇದೆ. ವೈದ್ಯ ಪಕ್ಕೆಗೆ ಕಿವಿಗೊಟ್ಟು ಕರುಳಿನ ಸದ್ದು ಕೇಳುತ್ತಾನೆ, ವಸಡಿನ ಬಣ್ಣ ನೋಡುತ್ತಾನೆ, ನಾಡಿ ಎಣಿಸುತ್ತಾನೆ. ಆರೋಗ್ಯವಂತ ಕುದುರೆಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 28ರಿಂದ 44. ಗೊರಸಿನೊಳಗೆ ಉರಿಯೂತವಾದಾಗಿನ ಚಿತ್ರ ಬೇರೆ: ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ, ಹೆಜ್ಜೆ ಕೀಳಲು ಒಪ್ಪದು.

ಈ ನೋಟ ಒಮ್ಮುಖವಲ್ಲ. ಮನುಷ್ಯನನ್ನು ಕುದುರೆ ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತದೆಂಬುದು ಬೆಳಕಿಗೆ ಬಂದದ್ದು 1907ರಲ್ಲಿ. ಬರ್ಲಿನ್ನಿನ ವಿಲ್ಹೆಲ್ಮ್ ಫಾನ್ ಓಸ್ಟೆನ್‌ನ ಕುದುರೆ ಹಾನ್ಸ್ ಗೊರಸು ಬಡಿದು ಲೆಕ್ಕಕ್ಕೆ ಉತ್ತರ ಹೇಳುತ್ತದೆಂದು ಪ್ರಸಿದ್ಧವಾಗಿತ್ತು. ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಎಣಿಕೆ ಸರಿಯಾದ ಸಂಖ್ಯೆಗೆ ಬಂದೊಡನೆ ಕೇಳಿದವನ ತಲೆ ತಾನಾಗಿಯೇ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಅದನ್ನು ಕಂಡು ಕುದುರೆ ನಿಲ್ಲಿಸುತ್ತಿತ್ತು. ಇದನ್ನು ಬರೀ ಮೋಸ ಬಯಲಾದ ಕಥೆಯೆಂದು ಹೇಳುವವರು ಅದರ ನಿಜವಾದ ಬೆಲೆಯನ್ನು ಮರೆಯುತ್ತಾರೆ: ರೋಗಪೀಡಿತ ಕುದುರೆಯ ಬಳಿ ಹೋಗುವವನ ಆತಂಕವೂ ಅದಕ್ಕೆ ಹಾಗೆಯೇ ತಿಳಿಯಬಲ್ಲದು. ಸಿಟ್ಟಿನಲ್ಲಿ ಕುದುರೆಯ ಬಳಿ ಹೋಗಬಾರದೆಂದು ಕ್ಸೆನೋಫನ್ ಎಚ್ಚರಿಸಿದ್ದೂ ಉಂಟು.

21ನೇ ಶತಮಾನದಲ್ಲಿ ಕುದುರೆಯ ನೋವನ್ನು ಗುರುತಿಸುವ ನೋಟಕ್ಕೆ ಅಳತೆಗೋಲು ಬಂತು. 2014ರಲ್ಲಿ ಪ್ರಕಟವಾದ ‘ಹಾರ್ಸ್ ಗ್ರಿಮೇಸ್ ಸ್ಕೇಲ್’ ಮುಖದ ಆರು ಗುರುತುಗಳಿಗೆ ಅಂಕ ಕೊಡುತ್ತದೆ: ಹಿಂದಕ್ಕೆ ಬಿಗಿದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಸೆಳೆತ, ಉಬ್ಬಿದ ದವಡೆಯ ಸ್ನಾಯು, ಬಿಗಿದ ಬಾಯಿ ಹಾಗೂ ಎದ್ದುಕಾಣುವ ಗದ್ದ, ಸೆಟೆದ ಮೂಗಿನ ಹೊಳ್ಳೆ. ಕುದುರೆಯನ್ನೇ ಕೇಳಿ ತಿಳಿಯುವ ಪ್ರಯತ್ನವೂ ನಡೆಯಿತು. 2016ರಲ್ಲಿ ನಾರ್ವೆಯ ಸಂಶೋಧಕರು ಕುದುರೆಗಳಿಗೆ ಫಲಕಗಳ ಮೇಲಿನ ಮೂರು ಚಿಹ್ನೆಗಳನ್ನು ಕಲಿಸಿದರು: ಹೊದಿಕೆ ಹಾಕು, ಹೊದಿಕೆ ತೆಗೆ, ಇದ್ದಂತೆ ಇರಲಿ. 23 ಕುದುರೆಗಳೂ ಕಲಿತು, ತಮಗೆ ಬೇಕಾದ ಫಲಕವನ್ನು ಮೂತಿಯಿಂದ ಮುಟ್ಟಿ ತೋರಿಸಿದವು. ಹವೆ ಬದಲಾದಂತೆ ಅವುಗಳ ಆಯ್ಕೆಯೂ ಬದಲಾಯಿತು. ಮಳೆ, ಗಾಳಿ, ಚಳಿ ಸೇರಿದ ದಿನ ಹೊದಿಕೆ ಕೇಳಿದವು, ಬೆಚ್ಚಗಿನ ದಿನ ಬೇಡವೆಂದವು.