ಒಂದೇ ಹಡಗು ಪ್ರವಾಸದಲ್ಲಿ ಹಿಮಕರಡಿ, ಪೆಂಗ್ವಿನ್ ಎರಡೂ ಸಿಗುತ್ತವೆಯೇ? ಧ್ರುವ ಪ್ರವಾಸದ ಫಾರ್ವರ್ಡ್‌ಗಳ ಹಿಂದಿನ ನಿಜ

ಮಂಜುಗಡ್ಡೆಯ ಮೇಲೆ ಹಿಮಕರಡಿ, ಅದರ ಪಕ್ಕದಲ್ಲೇ ಪೆಂಗ್ವಿನ್‌ಗಳ ಹಿಂಡು, ಹಿಂದೆ ಬಿಳಿ ಹಡಗು. ಕೆಳಗೆ "10 ದಿನದ ಧ್ರುವ ಪ್ರವಾಸ, ಎಲ್ಲವನ್ನೂ ಹತ್ತಿರದಿಂದ ನೋಡಿ" ಎಂಬ ಸಾಲು. ಇಂಥ ಪೋಸ್ಟರ್‌ಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಇವುಗಳ ಜೊತೆಗೆ "ಅಂಟಾರ್ಕ್ಟಿಕಾಗೆ ಜನಸಾಮಾನ್ಯರನ್ನು ಬಿಡುವುದೇ ಇಲ್ಲ" ಎಂಬ ಸಂದೇಶ, ನಾವಿಕರು ಹಿಮಕರಡಿ ಮರಿಯನ್ನು ಅಪ್ಪಿಕೊಂಡು ಕಾಪಾಡುವ ವಿಡಿಯೋ ಕೂಡ ಹರಿದಾಡುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

ಹಿಮಕರಡಿ ಮತ್ತು ಪೆಂಗ್ವಿನ್ ಒಟ್ಟಿಗೆ ಇರುತ್ತವೆಯೇ?

ಇಲ್ಲ. ಹಿಮಕರಡಿ ಇರುವುದು ಭೂಮಿಯ ಉತ್ತರ ತುದಿಯ ಆರ್ಕ್ಟಿಕ್‌ನಲ್ಲಿ. ಕೆನಡಾ, ಅಲಾಸ್ಕಾ, ರಷ್ಯಾ, ಗ್ರೀನ್‌ಲ್ಯಾಂಡ್ ಮತ್ತು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು ಅದರ ನೆಲೆ. ಪೆಂಗ್ವಿನ್‌ಗಳು ಇರುವುದು ದಕ್ಷಿಣಾರ್ಧಗೋಳದಲ್ಲಿ. ಸಮಭಾಜಕ ವೃತ್ತದ ಬಳಿಯ ಗಲಾಪಗೋಸ್ ದ್ವೀಪಗಳಲ್ಲಿರುವ ಒಂದು ಜಾತಿಯೇ ಅವುಗಳಲ್ಲಿ ಅತ್ಯಂತ ಉತ್ತರದ್ದು. ಹಾಗಾಗಿ ಎರಡೂ ಒಂದೇ ಫ್ರೇಮಿನಲ್ಲಿರುವ ಫೋಟೋ ಕಂಡರೆ ಅದು ಎಡಿಟ್ ಮಾಡಿದ್ದು ಅಥವಾ ಎಐ ತಯಾರಿಸಿದ್ದು ಎಂದು ತಿಳಿಯಬಹುದು.

ಈ ಗೊಂದಲಕ್ಕೆ ಹಳೆಯ ಕಾರಣವೊಂದಿದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಗ್ರೇಟ್ ಆಕ್ ಎಂಬ ಹಾರಲಾರದ ಕಪ್ಪು-ಬಿಳಿ ಹಕ್ಕಿಯಿತ್ತು. 'ಪೆಂಗ್ವಿನ್' ಎಂಬ ಹೆಸರು ಮೊದಲು ಇದ್ದದ್ದು ಅದಕ್ಕೇ. ನಾವಿಕರು ದಕ್ಷಿಣಕ್ಕೆ ಹೋದಾಗ ಅಲ್ಲಿ ಕಂಡ, ನೋಡಲು ಅದರಂತೆಯೇ ಇದ್ದ ಹಕ್ಕಿಗಳನ್ನೂ ಅದೇ ಹೆಸರಿನಿಂದ ಕರೆದರು. ಗ್ರೇಟ್ ಆಕ್ ಮನುಷ್ಯರ ಬೇಟೆಗೆ ಸಿಕ್ಕಿ 19ನೇ ಶತಮಾನದಲ್ಲಿ ಅಳಿದುಹೋಯಿತು, ಹೆಸರು ಮಾತ್ರ ದಕ್ಷಿಣದ ಹಕ್ಕಿಗಳಿಗೆ ಉಳಿಯಿತು. ಇಂದು ಸ್ವಾಲ್ಬಾರ್ಡ್‌ನ ಬಂಡೆಗಳ ಮೇಲೆ ಸಾಲಾಗಿ ಕೂರುವ ಗಿಲ್ಲೆಮಾಟ್ ಹಕ್ಕಿಗಳ ವಿಡಿಯೋ ನೋಡಿ "ಪೆಂಗ್ವಿನ್" ಎನ್ನುವವರಿದ್ದಾರೆ. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಅವು ಹಾರುವುದು ಕಾಣುತ್ತದೆ. ಪೆಂಗ್ವಿನ್ ಹಾರುವುದಿಲ್ಲ.

ಅಂಟಾರ್ಕ್ಟಿಕಾಗೆ ಜನಸಾಮಾನ್ಯರು ಹೋಗುವಂತಿಲ್ಲವೇ?

ಹೋಗಬಹುದು. ಒಂದು ಋತುವಿನಲ್ಲಿ 1 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಅತ್ತ ಹೋಗಿ ಬಂದದ್ದೂ ಇದೆ. ಹೆಚ್ಚಿನವರು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹಡಗು ಹತ್ತಿ, ಡ್ರೇಕ್ ಜಲಮಾರ್ಗವನ್ನು ಸುಮಾರು ಎರಡು ದಿನದಲ್ಲಿ ದಾಟಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪ ತಲುಪುತ್ತಾರೆ. ಅಲ್ಲಿ ಬೇಸಿಗೆಯಾಗಿರುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಈ ಪ್ರವಾಸಗಳು ನಡೆಯುತ್ತವೆ.

ಹಾಗಿದ್ದರೆ "ಪ್ರವೇಶವಿಲ್ಲ" ಎಂಬ ಮಾತು ಎಲ್ಲಿಂದ ಬಂತು? ಅಲ್ಲಿ ನಿಯಮಗಳು ಬಿಗಿಯಾಗಿವೆ ಎಂಬುದು ನಿಜ. 1959ರ ಅಂಟಾರ್ಕ್ಟಿಕ್ ಒಪ್ಪಂದವು ಆ ಖಂಡವನ್ನು ಶಾಂತಿಯುತ ಕೆಲಸಗಳಿಗೆ ಮೀಸಲಿಟ್ಟಿತು. 1991ರ ಪರಿಸರ ಒಡಂಬಡಿಕೆ ಗಣಿಗಾರಿಕೆಯನ್ನು ನಿಷೇಧಿಸಿತು. ಒಪ್ಪಂದಕ್ಕೆ ಸೇರಿದ ದೇಶದವರು ಅಲ್ಲಿಗೆ ಹೋಗಲು ಅನುಮತಿ ಬೇಕು. ಪ್ರವಾಸಿ ಹಡಗುಗಳ ವಿಷಯದಲ್ಲಿ ಸಾಮಾನ್ಯವಾಗಿ ಕಂಪನಿಯೇ ಆ ಅನುಮತಿ ಪಡೆದಿರುತ್ತದೆ. ಭಾರತವೂ 1983ರಲ್ಲಿ ಈ ಒಪ್ಪಂದಕ್ಕೆ ಸೇರಿದೆ, 2022ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿದೆ. ನಮ್ಮ ದೇಶದ ಮೈತ್ರಿ ಮತ್ತು ಭಾರತಿ ಸಂಶೋಧನಾ ಕೇಂದ್ರಗಳು ಆ ಖಂಡದಲ್ಲೇ ಇವೆ. ನಿಯಮ ಇದೆ ಎಂದರೆ ಯಾರೋ ಏನನ್ನೋ ಬಚ್ಚಿಟ್ಟಿದ್ದಾರೆ ಎಂದು ಅರ್ಥವಲ್ಲ.

ಪ್ರಾಣಿಗಳನ್ನು ಎಷ್ಟು ಹತ್ತಿರದಿಂದ ನೋಡಬಹುದು?

ಪೋಸ್ಟರ್‌ಗಳು ಹೇಳುವಷ್ಟು ಹತ್ತಿರದಿಂದಲ್ಲ. ಸ್ವಾಲ್ಬಾರ್ಡ್‌ನಲ್ಲಿ 2025ರ ಜನವರಿ 1ರಿಂದ ಹೊಸ ನಿಯಮ ಬಂದಿದೆ. ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಲೇಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ ಈ ಅಂತರ 500 ಮೀಟರ್. ಅಂದರೆ ಅರ್ಧ ಕಿಲೋಮೀಟರ್. ಸಂರಕ್ಷಿತ ಪ್ರದೇಶಗಳಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗುಗಳಿಗೆ ಅವಕಾಶವಿಲ್ಲ. ಬೈನಾಕ್ಯುಲರ್ ಇಲ್ಲದೆ ಹೋದರೆ ಕರಡಿ ಹಳದಿ ಚುಕ್ಕೆಯಂತೆ ಕಂಡೀತು, ಅಷ್ಟೇ.

ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್‌ಗಳಿಂದ ಕನಿಷ್ಠ 5 ಮೀಟರ್ ದೂರ ಇರಬೇಕು. ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರವಾಸಿಗರಿಗಿಂತ ಹೆಚ್ಚು ಜನ ದಡಕ್ಕೆ ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಾದರೆ ಯಾರೂ ಇಳಿಯುವಂತಿಲ್ಲ, ಡೆಕ್ ಮೇಲೆ ನಿಂತು ನೋಡಬೇಕು. ಅಗ್ಗದ ದರ ಕಂಡು ಹಣ ಕಟ್ಟುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಇಷ್ಟೊಂದು ದೂರ ಏಕೆ?

ಎರಡು ಕಾರಣಗಳಿವೆ. ಮೊದಲನೆಯದು, ಹತ್ತಿರ ಹೋದರೆ ಜೀವ ಹೋಗಬಹುದು. ಮನುಷ್ಯನದ್ದೂ ಹೋಗಬಹುದು, ಪ್ರಾಣಿಯದ್ದೂ ಹೋಗಬಹುದು. 2018ರ ಜುಲೈನಲ್ಲಿ ಸ್ವಾಲ್ಬಾರ್ಡ್‌ನ ಉತ್ತರದ ದ್ವೀಪವೊಂದರಲ್ಲಿ ಪ್ರವಾಸಿಗರನ್ನು ಇಳಿಸುವ ಮುನ್ನ ದಡಕ್ಕೆ ಹೋಗಿದ್ದ ಹಡಗಿನ ಕಾವಲುಗಾರನ ಮೇಲೆ ಹಿಮಕರಡಿ ದಾಳಿ ಮಾಡಿತು. ಆತನ ತಲೆಗೆ ಗಾಯವಾಯಿತು, ಕರಡಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಅದು ತನ್ನ ಮನೆಯಲ್ಲೇ ಇತ್ತು, ಅಲ್ಲಿಗೆ ಹೋದದ್ದು ನಾವು ಮನುಷ್ಯರು.

ಎರಡನೆಯದು ರೋಗ. ಎಚ್5ಎನ್1 ಹಕ್ಕಿಜ್ವರ 2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಜಾರ್ಜಿಯಾ ಬಳಿಯ ಹಕ್ಕಿಗಳಲ್ಲಿ ಪತ್ತೆಯಾಯಿತು. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯ ಭೂಭಾಗದಲ್ಲೂ ದೃಢಪಟ್ಟಿತು. ಅದನ್ನು ಅಲ್ಲಿಗೆ ತಂದದ್ದು ವಲಸೆ ಹಕ್ಕಿಗಳೇ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದರೆ ಒಂದು ಹಿಂಡಿನ ಹಿಕ್ಕೆ ಬೂಟಿಗೆ ಅಂಟಿ ಮರುದಿನ ಇನ್ನೊಂದು ಹಿಂಡಿನ ನಡುವೆ ಬೀಳುವ ಅಪಾಯ ಇದ್ದೇ ಇದೆ. ಅದಕ್ಕಾಗಿಯೇ ಪ್ರತಿ ಬಾರಿ ದಡಕ್ಕೆ ಇಳಿಯುವ ಮುನ್ನ, ಹತ್ತಿದ ನಂತರ ಬೂಟುಗಳನ್ನು ಬ್ರಷ್‌ನಿಂದ ಉಜ್ಜಿ ಸೋಂಕುನಿವಾರಕ ದ್ರಾವಣದಲ್ಲಿ ಅದ್ದಿಸುತ್ತಾರೆ. ಬಟ್ಟೆಯ ಜೇಬು, ವೆಲ್ಕ್ರೋ ಪಟ್ಟಿಗಳಲ್ಲಿ ಸಿಕ್ಕಿಕೊಂಡ ಬೀಜಗಳನ್ನೂ ಹೆಕ್ಕಿ ತೆಗೆಸುತ್ತಾರೆ. ನೆಲದ ಮೇಲೆ ಕೂರಲು, ಮಂಡಿಯೂರಲು, ಬ್ಯಾಗ್ ಇಡಲು ಬಿಡುವುದಿಲ್ಲ. ಹೊರಗಿನಿಂದ ಬಂದ ಒಂದು ಜಾತಿಯ ಹುಲ್ಲು ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಈಗಾಗಲೇ ಬೇರೂರಿದೆ.

ಕರಡಿ ಮರಿಯನ್ನು ರಕ್ಷಿಸುವ ವಿಡಿಯೋ ನಿಜವೇ?

ಮೈತುಂಬಾ ಚಿಪ್ಪಿನಂಥ ಬಾರ್ನಕಲ್‌ಗಳು ಅಂಟಿದ ಹಿಮಕರಡಿಯನ್ನು ನಾವಿಕರು ಕೆರೆದು ಶುಚಿಗೊಳಿಸುವ, ಅದು ಅವರನ್ನು ತಬ್ಬಿಕೊಳ್ಳುವ ವಿಡಿಯೋಗಳು ಎಐ ಬಳಸಿ ಮಾಡಿದಂಥವು. ಬಾರ್ನಕಲ್‌ಗಳು ಬೆಳೆಯುವುದು ಹಡಗಿನ ತಳ, ತಿಮಿಂಗಿಲ, ಕಡಲಾಮೆಗಳಂಥ ಸದಾ ನೀರಿನಲ್ಲಿರುವ ಗಟ್ಟಿ ಮೈಗಳ ಮೇಲೆ. ಹಿಮಕರಡಿ ಮಂಜುಗಡ್ಡೆಯ ಮೇಲೂ ಓಡಾಡುತ್ತದೆ, ಅದರ ತುಪ್ಪಳ ಉದುರಿ ಹೊಸದಾಗಿ ಬರುತ್ತದೆ.

"ನೋಡಲು ಚೆಂದ ಇದೆ, ಹಂಚಿದರೆ ಏನು ತಪ್ಪು?" ಎಂದು ಕೇಳುವವರಿರಬಹುದು. ಕಾಡುಪ್ರಾಣಿ ಮನುಷ್ಯನ ಅಪ್ಪುಗೆಗೆ ಕಾಯುತ್ತದೆ ಎಂಬ ಭಾವನೆಯನ್ನು ಇಂಥ ವಿಡಿಯೋಗಳು ಬೆಳೆಸುತ್ತವೆ. ಆ ಭಾವನೆ ಆರ್ಕ್ಟಿಕ್‌ನಲ್ಲಿ ನಿಲ್ಲುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಆನೆಯೊಂದಿಗೆ ಸೆಲ್ಫಿಗೆ ಇಳಿಯುವವರ ಮನಸ್ಸಿನಲ್ಲಿ ಇರುವುದೂ ಅದೇ.

ಹೋಗುವ ಆಸೆ ಇದ್ದರೆ ತಿಳಿದಿರಬೇಕಾದದ್ದು

- "ಪ್ರಾಣಿ ಕಾಣುವುದು ಗ್ಯಾರಂಟಿ" ಎನ್ನುವ ಜಾಹೀರಾತನ್ನು ನಂಬಬೇಡಿ. ಮಂಜುಗಡ್ಡೆ, ಹವಾಮಾನ ನೋಡಿ ಹಡಗಿನ ದಾರಿ ದಿನವೂ ಬದಲಾಗುತ್ತದೆ.

- "ಸ್ವಾಲ್ಬಾರ್ಡ್‌ಗೆ ವೀಸಾ ಬೇಡ" ಎಂಬುದು ಅರ್ಧ ಸತ್ಯ. ದ್ವೀಪಕ್ಕೆ ವೀಸಾ ಬೇಡ, ಆದರೆ ಸಾಮಾನ್ಯವಾಗಿ ನಾರ್ವೆಯ ಮೂಲಕವೇ ಹೋಗಬೇಕು. ಅದಕ್ಕೆ ಷೆಂಗೆನ್ ವೀಸಾ ಬೇಕು. ವಾಪಸ್ ಬರುವಾಗ ಮತ್ತೆ ಪ್ರವೇಶಿಸಬೇಕಾದ್ದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಕೊಡುವ ವೀಸಾವೇ ಬೇಕು.

- ತುರ್ತು ವೈದ್ಯಕೀಯ ಸ್ಥಳಾಂತರವನ್ನೂ ಒಳಗೊಂಡ ವಿಮೆ ಮಾಡಿಸಿ. ಹಡಗಿನಲ್ಲಿ ವೈದ್ಯರಿದ್ದರೂ ದೊಡ್ಡ ಆಸ್ಪತ್ರೆ ದಿನಗಟ್ಟಲೆ ದೂರ. 2007ರ ನವೆಂಬರ್ 23ರಂದು ಎಂಎಸ್ ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಮಂಜುಗಡ್ಡೆಗೆ ಬಡಿದು ಅಂಟಾರ್ಕ್ಟಿಕಾ ಬಳಿ ಮುಳುಗಿತು. ಅದರಲ್ಲಿದ್ದ 154 ಜನರೂ ಬದುಕಿದರು, ಆದರೆ ಅವರು ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ತೆರೆದ ದೋಣಿಗಳಲ್ಲಿ ಇನ್ನೊಂದು ಹಡಗಿಗಾಗಿ ಕಾಯಬೇಕಾಯಿತು.

ಒಟ್ಟಿನಲ್ಲಿ, ಧ್ರುವ ಪ್ರವಾಸ ಸುಳ್ಳಲ್ಲ, ಅದರ ಹೆಸರಿನಲ್ಲಿ ಓಡಾಡುವ ಎಷ್ಟೋ ಚಿತ್ರಗಳು ಸುಳ್ಳು. ಮುಂದಿನ ಬಾರಿ ಇಂಥ ಫಾರ್ವರ್ಡ್ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಉತ್ತರವೋ ದಕ್ಷಿಣವೋ? ಪ್ರಾಣಿಗೂ ಮನುಷ್ಯನಿಗೂ ನಡುವೆ ಎಷ್ಟು ದೂರವಿದೆ? ಉತ್ತರ ಸರಿಹೊಂದದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ.