ಜಾಲಹಳ್ಳಿಯಿಂದ ಯಲಹಂಕದವರೆಗೆ: ಚಿಪ್‌ಗಳ ಆಯ್ಕೆ ಮತ್ತು ಪೂರೈಕೆಯ ನೆನಪು

ಲೆಕ್ಕ ಮಾಡುವ ಭಾಗ, ಆಜ್ಞೆಗಳನ್ನು ಹಿಡಿದಿಡುವ ಸ್ಮೃತಿ ಹಾಗೂ ಹೊರಗಿನ ಸ್ವಿಚ್ಚು, ದೀಪ, ಮೋಟಾರುಗಳೊಡನೆ ವ್ಯವಹರಿಸುವ ಸಂಪರ್ಕಗಳನ್ನು ಒಂದೇ ಸಿಲಿಕಾನ್ ತುಣುಕಿನಲ್ಲಿ ಅಡಕಗೊಳಿಸಿದ ಪುಟ್ಟ ಗಣಕಕ್ಕೆ ಮೈಕ್ರೊಕಂಟ್ರೋಲರ್ ಎಂದು ಹೆಸರು. ವಿದ್ಯುತ್ ಮೀಟರಿನಿಂದ ಮತಯಂತ್ರದವರೆಗೆ ನೂರಾರು ಬಗೆಯ ಉಪಕರಣಗಳನ್ನು ಇದು ಒಳಗಿನಿಂದ ನಡೆಸುತ್ತದೆ. ವೇಗ, ಸ್ಮೃತಿಯ ಗಾತ್ರ, ವಿದ್ಯುತ್ ಬಳಕೆ ಮತ್ತು ಬೆಲೆಗಳನ್ನು ತೂಗಿ ಎಂಜಿನಿಯರ್ ಇದನ್ನು ಆರಿಸುತ್ತಾನೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಯಶವಂತಪುರದಿಂದ ಜಾಲಹಳ್ಳಿ, ಹೆಬ್ಬಾಳಗಳ ಮೂಲಕ ಯಲಹಂಕದವರೆಗೆ ಹಬ್ಬಿರುವ ಉತ್ತರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಚರಿತ್ರೆಯನ್ನು ನೋಡಿದರೆ, ಈ ಗುಣಗಳೆಲ್ಲಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಎದುರಾಗುತ್ತಿತ್ತೆಂಬುದು ಸ್ಪಷ್ಟವಾಗುತ್ತದೆ: ಈ ಚಿಪ್ ಕೈಗೆ ಬರುತ್ತದೆಯೇ, ಹತ್ತು ವರ್ಷಗಳ ಬಳಿಕವೂ ಬರುತ್ತಿರುತ್ತದೆಯೇ?

ಈ ಚರಿತ್ರೆ ಮೈಕ್ರೊಕಂಟ್ರೋಲರ್ ಹುಟ್ಟುವುದಕ್ಕೂ ಬಹಳ ಮೊದಲೇ ಆರಂಭವಾಗುತ್ತದೆ. ಸೇನೆಯ ಸಂಪರ್ಕ ಸಾಧನಗಳನ್ನು ದೇಶದಲ್ಲೇ ತಯಾರಿಸುವ ಉದ್ದೇಶದಿಂದ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದಲ್ಲಿ 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್, ಅಂದರೆ ಬಿಇಎಲ್, ರೇಡಿಯೋಗಳನ್ನು ಜೋಡಿಸುವುದಕ್ಕಷ್ಟೇ ತೃಪ್ತಿಪಡದೆ ಅವುಗಳ ಒಳಗಿನ ಬಿಡಿಭಾಗಗಳ ತಯಾರಿಕೆಗೂ ಕೈಹಾಕಿತು. 1961ರಲ್ಲಿ ರೇಡಿಯೋ ವಾಲ್ವ್‌ಗಳು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು, 1967ರ ಹೊತ್ತಿಗೆ ಸಿಲಿಕಾನ್ ಸಾಧನಗಳು ಮತ್ತು ಇಂಟಿಗ್ರೇಟೆಡ್ ಸರ್ಕ್ಯೂಟ್‌ಗಳು ಅಲ್ಲಿ ತಯಾರಾಗತೊಡಗಿದವು. 1965ರ ಯುದ್ಧದ ವೇಳೆ ಅಮೆರಿಕ ಭಾರತ ಮತ್ತು ಪಾಕಿಸ್ತಾನಗಳೆರಡಕ್ಕೂ ಸೇನಾ ಸಾಮಗ್ರಿಯ ಪೂರೈಕೆಯನ್ನು ನಿಲ್ಲಿಸಿದ್ದು, ಮರುವರ್ಷ ಹೊರಬಂದ ಭಾಭಾ ಸಮಿತಿಯ ವರದಿ ಎಲೆಕ್ಟ್ರಾನಿಕ್ಸ್‌ನಲ್ಲಿ ಸ್ವಾವಲಂಬನೆಗೆ ಒತ್ತುಕೊಟ್ಟದ್ದು, ಈ ಎರಡೂ ಸೇರಿ ಜಾಲಹಳ್ಳಿಯ ಈ ದಾರಿಯನ್ನು ಇನ್ನಷ್ಟು ಗಟ್ಟಿಗೊಳಿಸಿದವು. ಬಿಇಎಲ್ 187 ಮತ್ತು ಬಿಇಎಲ್ 188 ಎಂಬ ಟ್ರಾನ್ಸಿಸ್ಟರ್‌ಗಳು ದೇಶದ ರೇಡಿಯೋ ರಿಪೇರಿ ಅಂಗಡಿಗಳಿಗೂ ಹವ್ಯಾಸಿಗಳ ಮೇಜುಗಳಿಗೂ ತಲುಪಿ ಮನೆಮಾತಾದದ್ದಕ್ಕೆ, ಕೇಳಿದಾಗ ಅವು ಸಿಗುತ್ತಿದ್ದವೆಂಬುದೇ ದೊಡ್ಡ ಕಾರಣ.

ಹೊರಗಿನಿಂದ ತರಿಸುವ ಬಿಡಿಭಾಗದ ಕಥೆ ಬೇರೆ. 1991ಕ್ಕೆ ಮುಂಚೆ ಆಮದು ಮಾಡಿಕೊಳ್ಳಬೇಕೆಂದರೆ ಪರವಾನಗಿ ಬೇಕಿತ್ತು, ವಿದೇಶಿ ವಿನಿಮಯದ ಮಂಜೂರಾತಿ ಬೇಕಿತ್ತು, ಅದೇ ವಸ್ತು ದೇಶದಲ್ಲಿ ತಯಾರಾಗುತ್ತಿಲ್ಲವೆಂಬುದಕ್ಕೆ ತಾಂತ್ರಿಕ ಅಭಿವೃದ್ಧಿ ಮಹಾನಿರ್ದೇಶನಾಲಯದ ಒಪ್ಪಿಗೆಯೂ ಬೇಕಾಗುತ್ತಿತ್ತು. ಪ್ರತಿ ಹೊಸ ಚಿಪ್‌ಗೂ ಹೊಸ ಕಡತ ತೆರೆಯಬೇಕಾದ ಆ ವ್ಯವಸ್ಥೆಯಲ್ಲಿ ಒಮ್ಮೆ ಮಂಜೂರಾಗಿ, ತಡವಾಗಿಯಾದರೂ ಬಂದು, ಉಗ್ರಾಣದ ದಾಖಲೆಗೆ ಸೇರಿದ ಭಾಗವನ್ನೇ ಮುಂದಿನ ವಿನ್ಯಾಸಕ್ಕೂ ಬಳಸುವುದು ಸಹಜವಾಗಿತ್ತು. ದೊಡ್ಡ ಸಂಸ್ಥೆಗಳು ಇಟ್ಟುಕೊಳ್ಳುವ ಅನುಮೋದಿತ ಬಿಡಿಭಾಗಗಳ ಪಟ್ಟಿಯನ್ನು, ಅಂದರೆ ವಿನ್ಯಾಸಕಾರರು ಹೊಸ ಅನುಮತಿಯಿಲ್ಲದೆ ಬಳಸಬಹುದಾದ ಭಾಗಗಳ ಯಾದಿಯನ್ನು, ಗುಣಮಟ್ಟದ ದಾಖಲೆಯೆಂದು ಓದುವುದು ವಾಡಿಕೆ. ವಾಸ್ತವವಾಗಿ ಅದು ಯಾವ ಪೂರೈಕೆದಾರರು ಮಾತು ಉಳಿಸಿಕೊಂಡರು, ಯಾರು ಕೈಕೊಟ್ಟರು ಎಂಬುದರ ಬರಹದ ನೆನಪೂ ಹೌದು. ಎಂಜಿನಿಯರ್‌ಗಳು ನಿವೃತ್ತರಾದರೂ ಪಟ್ಟಿ ಉಳಿಯುತ್ತದೆ.

ಮೈಕ್ರೊಕಂಟ್ರೋಲರ್ ಬಂದಾಗ ಈ ನೆನಪು ಅದರ ಆಯ್ಕೆಯಲ್ಲೂ ಕೆಲಸ ಮಾಡಿತು. ಇಂಟೆಲ್ ಕಂಪನಿ 1980ರಲ್ಲಿ ಹೊರತಂದ 8051, ನಾಲ್ಕು ಕಿಲೋಬೈಟ್ ಕಾರ್ಯಕ್ರಮ ಸ್ಮೃತಿ ಮತ್ತು 128 ಬೈಟ್ ದತ್ತಾಂಶ ಸ್ಮೃತಿಯಿದ್ದ ಸಾಧಾರಣ ಚಿಪ್. ಅದರ ಬಲವಿದ್ದದ್ದು ಬೇರೆಡೆ: ಅದೇ ಕಾಲುಗಳ ಜೋಡಣೆ, ಅದೇ ಆಜ್ಞೆಗಳುಳ್ಳ ಚಿಪ್ಪನ್ನು ಫಿಲಿಪ್ಸ್, ಸೀಮೆನ್ಸ್, ಎಎಂಡಿ ಮುಂತಾದ ಕಂಪನಿಗಳೂ ಮಾಡಿ ಮಾರುತ್ತಿದ್ದವು. ಉದ್ಯಮದ ಭಾಷೆಯಲ್ಲಿ ಇದಕ್ಕೆ ಸೆಕೆಂಡ್ ಸೋರ್ಸ್ ಎನ್ನುತ್ತಾರೆ. ಒಬ್ಬ ತಯಾರಕ ಕೈಬಿಟ್ಟರೂ ಬೋರ್ಡನ್ನು ಬದಲಿಸದೆ ಇನ್ನೊಬ್ಬನಿಂದ ಅದೇ ಭಾಗವನ್ನು ಕೊಳ್ಳಬಹುದೆಂಬುದು ಇದರ ಅರ್ಥ. 1993ರಲ್ಲಿ ಅಟ್ಮೆಲ್ ಕಂಪನಿ, ಮತ್ತೆ ಮತ್ತೆ ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಸ್ಮೃತಿಯನ್ನು 8051ಕ್ಕೆ ಸೇರಿಸಿ ಎಟಿ89ಸಿ51 ಎಂಬ ಹೆಸರಿನಲ್ಲಿ ತಂದ ಮೇಲೆ, ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳ ಮಟ್ಟದಲ್ಲೂ ಇದನ್ನು ಬಳಸುವುದು ಸುಲಭವಾಯಿತು. ಯಶವಂತಪುರಕ್ಕೆ ಸಮೀಪದ ಸುಬ್ರಹ್ಮಣ್ಯನಗರದ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ತಯಾರಿಸಿದ ಇಎಸ್‌ಎ ಕಿಟ್‌ಗಳು, ಎಂದರೆ ವಿದ್ಯಾರ್ಥಿಗಳು ಕೀಲಿಗಳನ್ನೊತ್ತಿ ಆಜ್ಞೆಗಳನ್ನು ತುಂಬಿಸಿ ಕಲಿಯುವ ತರಬೇತಿ ಬೋರ್ಡುಗಳು, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳನ್ನು ಸೇರಿದವು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ 8051 ಬಹುಕಾಲ ನೆಲೆ ನಿಂತಿತು. ಇಂಟೆಲ್ ತಾನೇ ಹುಟ್ಟಿಸಿದ ಈ ಬಳಗವನ್ನು ಕೈಬಿಡುವುದಾಗಿ 2006ರಲ್ಲಿ ಸಾರಿದಾಗಲೂ ಬೇರೆ ತಯಾರಕರಿದ್ದುದರಿಂದ ಪಾಠವಾಗಲಿ ಉತ್ಪಾದನೆಯಾಗಲಿ ನಿಲ್ಲಲಿಲ್ಲ. ಹಳೆಯ ಚಿಪ್ಪನ್ನು ಇನ್ನೂ ಕಲಿಸುತ್ತಾರೆಂದು ಈ ಪಠ್ಯಕ್ರಮವನ್ನು ಹಳಿಯುವವರು ಅದರ ಬಾಳಿಕೆಯ ಈ ಕಾರಣವನ್ನು ಗಮನಿಸಿದಂತಿಲ್ಲ.

ಪೂರೈಕೆಯ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾದ ಉತ್ಪನ್ನವೆಂದರೆ ಎಲೆಕ್ಟ್ರಾನಿಕ್ ಮತಯಂತ್ರ. ಬಿಇಎಲ್‌ನಲ್ಲಿ ಅದರ ಅಭಿವೃದ್ಧಿಯ ಮೇಲ್ವಿಚಾರಣೆ ವಹಿಸಿದ್ದವರು ಎಸ್. ರಂಗರಾಜನ್. ಸುಜಾತಾ ಎಂಬ ಹೆಸರಿನಲ್ಲಿ ತಮಿಳಿನ ಬಹು ಜನಪ್ರಿಯ ಲೇಖಕರಾಗಿದ್ದ ಅವರು ಜಾಲಹಳ್ಳಿಯ ಎಂಜಿನಿಯರ್ ಆಗಿದ್ದರು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರಗಳ ಮೊದಲ ಬಳಕೆಯಾಯಿತು. ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪಿತ್ತಿತು. 1988ರ ಡಿಸೆಂಬರಿನಲ್ಲಿ ಆ ಅವಕಾಶ ಕಲ್ಪಿಸಲು ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿಯಾಯಿತು. ಬಿಇಎಲ್ ಮತ್ತು ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್ 1989–90ರಲ್ಲಿ ತಯಾರಿಸಿದ ಯಂತ್ರಗಳು 1998ರ ನವೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಯ 16 ವಿಧಾನಸಭಾ ಕ್ಷೇತ್ರಗಳಲ್ಲಿ ಬಳಕೆಯಾದವು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳೂ ಯಂತ್ರದಲ್ಲೇ ಮತ ಹಾಕಿದವು.

ಮತಯಂತ್ರದ ಮೈಕ್ರೊಕಂಟ್ರೋಲರ್ ಒಂದೇ ಸಲ ಬರೆಯಬಹುದಾದ ಬಗೆಯದು: ಕಾರ್ಯಕ್ರಮವನ್ನು ಒಮ್ಮೆ ಅದರೊಳಗೆ ಅಚ್ಚೊತ್ತಿದರೆ ಮುಂದೆ ತಿದ್ದಲು ಬರುವುದಿಲ್ಲ. ಒಂದು ಯಂತ್ರದ ಬಾಳಿಕೆ ಸುಮಾರು 15 ವರ್ಷವೆಂದು ಚುನಾವಣಾ ಆಯೋಗ ಎಣಿಸಿದೆ. ಇಷ್ಟು ದೀರ್ಘಕಾಲ ದೇಶದಾದ್ಯಂತ ಲಕ್ಷಗಟ್ಟಲೆ ಯಂತ್ರಗಳು ಒಂದೇ ರೀತಿ ವರ್ತಿಸಬೇಕು. ಒಳಗಿನ ಚಿಪ್ ಬದಲಾದರೆ ಪರೀಕ್ಷೆ, ತಜ್ಞರ ಸಮಿತಿಯ ಪರಿಶೀಲನೆ, ಸಾರ್ವಜನಿಕರಿಗೆ ವಿವರಣೆ, ಎಲ್ಲವನ್ನೂ ಮತ್ತೆ ಮೊದಲಿಂದ ನಡೆಸಬೇಕು. ಆದರೆ ಚಿಪ್ ತಯಾರಿಸುವ ಕಂಪನಿಗಳು ಇಷ್ಟು ಕಾಲ ಇದ್ದ ಹಾಗೆಯೇ ಇರುವುದಿಲ್ಲ. 2010ರಲ್ಲಿ ಸಂಶೋಧಕರು ಬಿಚ್ಚಿ ಪರಿಶೀಲಿಸಿದ ಇಸಿಐಎಲ್ ತಯಾರಿಕೆಯ ಯಂತ್ರವೊಂದರಲ್ಲಿ ಎಚ್8 ಬಳಗದ ಮೈಕ್ರೊಕಂಟ್ರೋಲರ್ ಇತ್ತು. ಈ ಬಳಗವನ್ನು ಹುಟ್ಟಿಸಿದ್ದು ಜಪಾನಿನ ಹಿಟಾಚಿ. 2003ರಲ್ಲಿ ಹಿಟಾಚಿ ಮತ್ತು ಮಿತ್ಸುಬಿಷಿಗಳ ಚಿಪ್ ವಿಭಾಗಗಳು ಕೂಡಿ ರೆನೆಸಾಸ್ ಆಯಿತು. 2010ರಲ್ಲಿ ಎನ್‌ಇಸಿಯ ವಿಭಾಗವೂ ಅದರೊಳಗೆ ಸೇರಿತು. ಮತಯಂತ್ರವೊಂದರ ಆಯುಷ್ಯದೊಳಗೆ ಅದರ ಚಿಪ್ಪಿನ ಒಡೆತನ ಎರಡು ಸಲ ಬದಲಾಗಬಹುದೆಂದರೆ, ಆಯ್ಕೆಯ ಹೊತ್ತಿನಲ್ಲಿ ತಯಾರಕನ ಪೂರ್ವಾಪರ ನೋಡುವ ಎಂಜಿನಿಯರ್‌ನನ್ನು ಅತಿ ಎಚ್ಚರಿಕೆಯವನೆಂದು ದೂರುವಂತಿಲ್ಲ. ಇಂದು ಈ ಚಿಪ್ ನ್ಯಾಯಾಲಯದ ಗಮನಕ್ಕೂ ಬಂದಿದೆ. ಎರಡನೇ ಅಥವಾ ಮೂರನೇ ಸ್ಥಾನ ಪಡೆದ ಅಭ್ಯರ್ಥಿ ಲಿಖಿತವಾಗಿ ಕೋರಿದರೆ ಪ್ರತಿ ವಿಧಾನಸಭಾ ವಿಭಾಗದ ಶೇ. 5ರಷ್ಟು ಯಂತ್ರಗಳ ಅಚ್ಚೊತ್ತಿದ ಸ್ಮೃತಿಯನ್ನು ತಯಾರಕ ಸಂಸ್ಥೆಯ ಎಂಜಿನಿಯರ್‌ಗಳೇ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ವಿಧಿಸಿತು.

16 ಕ್ಷೇತ್ರಗಳಲ್ಲಿ ಯಂತ್ರಗಳು ಬಳಕೆಯಾದ ಅದೇ 1998ರ ನವೆಂಬರಿನಲ್ಲಿ, ಮೇ ತಿಂಗಳ ಪೋಖ್ರಾನ್ ಅಣ್ವಸ್ತ್ರ ಪರೀಕ್ಷೆಗೆ ಪ್ರತಿಯಾಗಿ ಅಮೆರಿಕದ ವಾಣಿಜ್ಯ ಇಲಾಖೆ ಭಾರತದ ಅನೇಕ ಸಂಸ್ಥೆಗಳನ್ನು ತನ್ನ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಬಿಇಎಲ್ ಕೂಡ ಆ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿರುವ ಸಂಸ್ಥೆಗೆ ಅಮೆರಿಕದ ವಸ್ತುವನ್ನು ಮಾರಬೇಕಾದರೆ ಮಾರುವವನು ವಿಶೇಷ ಪರವಾನಗಿ ಪಡೆಯಬೇಕು, ಅದಕ್ಕೆ ನಿರಾಕರಣೆಯೇ ಸಾಮಾನ್ಯ ಉತ್ತರ. ಅಂಗಡಿಯಲ್ಲಿ ಯಾರಿಗಾದರೂ ಸಿಗುವ ಚಿಪ್ ಕೂಡ ವಿಳಾಸ ಜಾಲಹಳ್ಳಿಯದೆಂಬ ಕಾರಣಕ್ಕೆ ಕೈತಪ್ಪಬಹುದೆಂಬ ಅನುಭವ ಒಂದು ಇಡೀ ಪೀಳಿಗೆಯ ವಿನ್ಯಾಸಕಾರರ ಮನಸ್ಸಿನಲ್ಲಿ ಉಳಿಯಿತು. ನಿರ್ಬಂಧ ಮುಂದೆ ಹಂತಹಂತವಾಗಿ ಸಡಿಲವಾದರೂ, ತಯಾರಕ ಯಾವ ದೇಶದವನು, ಯಾವ ಕಾನೂನಿಗೆ ಒಳಪಟ್ಟವನು ಎಂದು ಕೇಳುವ ಅಭ್ಯಾಸ ಆ ವರ್ಷಗಳ ಕೊಡುಗೆ.

ಯಲಹಂಕದ ಚರಿತ್ರೆಯಲ್ಲಿ ಇದರ ಇನ್ನೊಂದು ಮುಖವಿದೆ. ಅಲ್ಲಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಮಹಾವಿದ್ಯಾಲಯದ ನೇತೃತ್ವದಲ್ಲಿ ಬೆಂಗಳೂರು ಮತ್ತು ಹೈದರಾಬಾದಿನ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಸ್ಟುಡ್‌ಸ್ಯಾಟ್ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿ ಸಿ15 ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ಅದರ ಗಣಕಕ್ಕೆ ಆರಿಸಿದ್ದು ಅಟ್ಮೆಲ್ ಕಂಪನಿಯ 32 ಬಿಟ್ ಎವಿಆರ್ ಮೈಕ್ರೊಕಂಟ್ರೋಲರ್. ವಿದ್ಯಾರ್ಥಿಗಳ ಕೈಗೆಟಕುವ, ಸಾಮಾನ್ಯ ಮಾರುಕಟ್ಟೆಯಲ್ಲಿ ಸಿಗುವ ಭಾಗವಾಗಿ ಅದು ತಕ್ಕ ಆಯ್ಕೆಯೇ ಆಗಿತ್ತು. ಆದರೆ ಜಗತ್ತು ಆರ್ಮ್ ಎಂಬ ಇನ್ನೊಂದು ಚಿಪ್ ವಿನ್ಯಾಸದ ಕಡೆಗೆ ವಾಲಿದ್ದರಿಂದ ಆ ಬಳಗ ಬೆಳೆಯಲಿಲ್ಲ. 2016ರಲ್ಲಿ ಅಟ್ಮೆಲ್ಲನ್ನೇ ಮೈಕ್ರೊಚಿಪ್ ಕಂಪನಿ ಕೊಂಡಿತು. ಒಂದೇ ಒಂದು ಉಪಗ್ರಹ ಕಟ್ಟುವವರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಅದೇ ಚಿಪ್ಪಿನ ಮೇಲೆ ಹತ್ತು ವರ್ಷ ಮಾರಾಟವಾಗಬೇಕಾದ ಯಂತ್ರವನ್ನು ಕಟ್ಟಿದವರು ತಂತ್ರಾಂಶವನ್ನೆಲ್ಲ ಹೊಸದಾಗಿ ಬರೆಯಬೇಕು, ಇಲ್ಲವೇ ತಯಾರಕ ಕೊನೆಯ ಗಡುವು ಸಾರಿದಾಗ ಮುಂದಿನ ವರ್ಷಗಳಿಗೆ ಬೇಕಾದಷ್ಟನ್ನು ಒಮ್ಮೆಲೇ ಸಾಲ ಮಾಡಿಯಾದರೂ ಕೊಂಡಿಡಬೇಕು. ಲಾಸ್ಟ್ ಟೈಮ್ ಬೈ ಎಂದು ಕರೆಯುವ ಈ ಕೊನೆಯ ಖರೀದಿ ಸಣ್ಣ ಉದ್ಯಮಿಗೆ ಬಲು ಭಾರ. ತಯಾರಕರು ಇಂತಿಷ್ಟು ವರ್ಷ ಚಿಪ್ ಮಾಡುತ್ತೇವೆಂದು ಲಿಖಿತ ಭರವಸೆ ಕೊಡುವ ಪದ್ಧತಿ ಬಂದದ್ದು ಇಂತಹ ಗ್ರಾಹಕರ ಅಂಜಿಕೆಯನ್ನು ಅರಿತೇ.

ಲಿಖಿತ ಭರವಸೆಗಳೂ ಸಾಕಾಗವೆಂದು 2021 ತೋರಿಸಿತು. ಕೋವಿಡ್ ಕಾಲದಲ್ಲಿ ಬೇಡಿಕೆ ಅಡಿಮೇಲಾಗಿತ್ತು. ಫೆಬ್ರುವರಿಯಲ್ಲಿ ಟೆಕ್ಸಸ್‌ನ ಹಿಮಗಾಳಿಯಿಂದ ಆಸ್ಟಿನ್ ನಗರದ ಚಿಪ್ ಕಾರ್ಖಾನೆಗಳು ಮುಚ್ಚಿದವು. ಮಾರ್ಚ್ 19ರಂದು ಜಪಾನಿನ ನಾಕಾದಲ್ಲಿರುವ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಆರ್ಡರ್ ಕೊಟ್ಟ ದಿನದಿಂದ ಮಾಲು ಕೈಸೇರುವವರೆಗಿನ ಅವಧಿ, ಅಂದರೆ ಲೀಡ್ ಟೈಮ್, ವಾರಗಳ ಲೆಕ್ಕದಿಂದ ವರ್ಷಕ್ಕೂ ಮೀರಿ ಬೆಳೆಯಿತು. 2007ರಿಂದ ಬಳಕೆಯಲ್ಲಿದ್ದ, ಅಗ್ಗವೆಂದೇ ಹೆಸರಾದ ಎಸ್‌ಟಿಎಂ32 ಬಳಗದ ಚಿಪ್‌ಗಳು ಮಧ್ಯವರ್ತಿಗಳ ಕೈಯಲ್ಲಿ ಹಲವು ಪಟ್ಟು ಬೆಲೆಗೆ ಮಾರಾಟವಾದವು, ನಕಲಿಗಳೂ ಹೊಕ್ಕವು. ಅದೇ ವರ್ಷದ ಜನವರಿಯಲ್ಲಿ ಹೊಸದಾಗಿ ಬಂದಿದ್ದ ರಾಸ್ಪ್‌ಬೆರಿ ಪೈ ಸಂಸ್ಥೆಯ ಆರ್‌ಪಿ2040 ಮತ್ತು ಚೀನಾದ ಗಿಗಾಡಿವೈಸ್ ಕಂಪನಿಯ ಚಿಪ್‌ಗಳು, ಬೇರೆಯವು ಸಿಗದಿದ್ದಾಗ ಸಿಗುತ್ತಿದ್ದುದರಿಂದಲೇ ಜಗತ್ತಿನ ಅನೇಕ ವಿನ್ಯಾಸಗಳನ್ನು ಹೊಕ್ಕವು. ಕಷ್ಟಕಾಲದಲ್ಲಿ ಕೈಹಿಡಿದವನನ್ನು ಎಂಜಿನಿಯರ್‌ಗಳು ಸುಭಿಕ್ಷದಲ್ಲೂ ಬಿಡಲಿಲ್ಲ.

ಹೆಬ್ಬಾಳದ ಸಮೀಪ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಹಿಂದಿನ ಫಿಲಿಪ್ಸ್ ಚಿಪ್ ವಿಭಾಗದಿಂದ 2006ರಲ್ಲಿ ರೂಪುಗೊಂಡ ಎನ್‌ಎಕ್ಸ್‌ಪಿ ಕಂಪನಿಯ ಕಚೇರಿಯಿದೆ. ಜಗತ್ತಿನ ಚಿಪ್‌ಗಳ ವಿನ್ಯಾಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಆದರೆ ಚಿಪ್ ಅಚ್ಚಾಗುವುದು ಸಾವಿರಾರು ಮೈಲಿ ದೂರದ ಕಾರ್ಖಾನೆಗಳಲ್ಲಿ, ಹೀಗಾಗಿ ಅದೇ ಉತ್ತರ ಬೆಂಗಳೂರಿನ ಪೀಣ್ಯದ ಗ್ರಾಹಕನಿಗೆ ಈ ನೆರೆಹೊರೆಯಿಂದ ಪೂರೈಕೆಯ ಯಾವ ಖಾತರಿಯೂ ಸಿಗುವುದಿಲ್ಲ. ಈಗ ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನ ತೇಜಸ್32ರಂಥ ದೇಶೀಯ ಮೈಕ್ರೊಕಂಟ್ರೋಲರ್‌ಗಳು ಬಂದಿವೆ, ಅವುಗಳನ್ನು ಬಳಸಿರೆಂಬ ಕರೆಯೂ ಇದೆ. ಅವು ಎದುರಿಸಬೇಕಾದ ಪರೀಕ್ಷೆ ವೇಗದ್ದಲ್ಲ, ಪೂರೈಕೆಯ ಖಾತರಿಯದು. ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಕಾರ್ಖಾನೆ 1989ರ ಫೆಬ್ರುವರಿ 7ರಂದು ಬೆಂಕಿಗೆ ಆಹುತಿಯಾಗಿ, ಮತ್ತೆ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ದೇಶದೊಳಗಿನ ಒಂದೇ ಮೂಲವನ್ನು ನಂಬಿದರೂ ಅಪಾಯ ತಪ್ಪದೆಂದು ಅಂದೇ ತಿಳಿದುಬಂದಿತ್ತು. ದೇಶೀಯ ಚಿಪ್ ಅನುಮೋದಿತ ಪಟ್ಟಿಯಲ್ಲಿ ನೆಲೆಯೂರಬೇಕಾದರೆ ಅದನ್ನು ಕನಿಷ್ಠ ಎರಡು ಕಾರ್ಖಾನೆಗಳು ತಯಾರಿಸಬೇಕು, ಹತ್ತು ಹದಿನೈದು ವರ್ಷ ಒಂದೇ ಕಾಲುಜೋಡಣೆಯಲ್ಲಿ ಪೂರೈಸುತ್ತೇವೆಂಬ ಬದ್ಧತೆ ಸರ್ಕಾರದ ಖರೀದಿ ಒಪ್ಪಂದಗಳಲ್ಲೇ ನಮೂದಾಗಬೇಕು, ಮತ್ತು ಅದರ ಮೊದಲ ಗ್ರಾಹಕರು ಬಿಇಎಲ್‌ನಂಥ ದೀರ್ಘಾಯುಷ್ಯದ ಉತ್ಪನ್ನಗಳನ್ನು ಮಾಡುವ ಸಂಸ್ಥೆಗಳೇ ಆಗಬೇಕು.