ದಯೆಗೂ ಒಂದು ಶಾಸ್ತ್ರ

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಕಡೆ ಬೆಳಗಿನ ಹೊತ್ತು ಹೋದರೆ, ಡೈರಿಯ ಮುಂದೆ ಹಾಲು ಹಿಡಿದು ನಿಂತ ಮಂದಿಯನ್ನು ಕಾಣುವಿರಿ. ಸದಾ ಹರಿಯುವ ನದಿಯಿಲ್ಲದ ಆ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷವೂ ಸಂಸಾರವನ್ನು ದಡ ಸೇರಿಸುವುದು ಹಸು. ಅಂಥ ಪ್ರಾಣಿಗೆ ನಾವು ತೋರುವ ದಯೆ ಬರಿಯ ಮನಸ್ಸಿನ ಮಾತೆ, ಇಲ್ಲವೆ ಅದಕ್ಕೂ ಕಲಿಯಬೇಕಾದ ಶಾಸ್ತ್ರವುಂಟೆ? ಉಂಟು. ಅದರ ಚರಿತ್ರೆಯಲ್ಲಿ ಬೆಂಗಳೂರಿನ ಪಶುವೈದ್ಯ ಪ್ರಾಧ್ಯಾಪಕರೊಬ್ಬರ ಪಾಲೂ ಸೇರಿದೆ.

ಮೊದಲು ಕಾನೂನಿನ ಕಥೆ ಕೇಳಿ. ನರ್ತನಕ್ಕೆ ಹೆಸರಾದ ರುಕ್ಮಿಣಿದೇವಿ ಅರುಂಡೇಲರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ, ಪ್ರಾಣಿಹಿಂಸೆಯನ್ನು ತಡೆಯುವ ಮಸೂದೆಯೊಂದನ್ನು ತಂದರು. ಅವರ ಶ್ರಮದ ಫಲವಾಗಿ 1960ರಲ್ಲಿ ಕಾಯಿದೆಯಾಯಿತು. 1962ರಲ್ಲಿ ಮದರಾಸಿನಲ್ಲಿ ಪ್ರಾಣಿ ಕಲ್ಯಾಣ ಮಂಡಲಿ ಏರ್ಪಟ್ಟಿತು. 1965ರ ನಿಯಮಗಳು ಗಾಡಿ ಎಳೆಯುವ ಎತ್ತಿನ ಕೆಲಸಕ್ಕೆ ಮಿತಿ ಹಾಕಿದವು: ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟಿದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಮೊಳೆ ಬಡಿದ ಕೋಲು ಕೂಡದು.

ಇಂಥ ಅಂಕಿಗಳನ್ನು ಗೊತ್ತುಮಾಡಲು ಕನಿಕರವೊಂದೇ ಸಾಲದೆಂಬುದನ್ನು ನೀವೇ ಒಪ್ಪುವಿರಿ. ಎತ್ತಿನ ದಣಿವು, ದಾಹ, ಉಸಿರಾಟಗಳನ್ನು ಅಳೆಯಬಲ್ಲವರು ಬೇಕು. ಇಂಗ್ಲೆಂಡಿನಲ್ಲಿಯೂ 1965ರ ಬ್ರ್ಯಾಂಬೆಲ್ ಸಮಿತಿಯ ವರದಿಯಿಂದ ಈ ವಿಚಾರ ಬೆಳೆದು, ಮುಂದೆ ಐದು ಸ್ವಾತಂತ್ರ್ಯಗಳೆಂದು ರೂಪುಗೊಂಡಿತು. ಹಸಿವು ಬಾಯಾರಿಕೆ ಇರಬಾರದು. ಇರುವ ನೆಲೆ ಹಿತವಾಗಿರಬೇಕು. ನೋವು, ರೋಗ ಕಾಡಬಾರದು. ತನ್ನ ಸಹಜ ನಡೆಗೆ ಎಡೆಯಿರಬೇಕು. ಭಯ ಸಂಕಟಗಳು ತಟ್ಟಬಾರದು. ಐದೇ ಮಾತು, ಆದರೆ ಕೊಟ್ಟಿಗೆಯಲ್ಲಿ ನಿಂತು ಪರೀಕ್ಷಿಸಬಹುದಾದ ಮಾತು.

ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ಅಲ್ಲಿ ಡೀನರಾಗಿದ್ದ ಡಾ. ಎಸ್. ಅಬ್ದುಲ್ ರಹಮಾನರು ಕಾಮನ್‌ವೆಲ್ತ್ ಪಶುವೈದ್ಯ ಸಂಘದ ಕಾರ್ಯದರ್ಶಿಯಾಗಿ ಹಲವು ದೇಶಗಳ ವೈದ್ಯರನ್ನು ಕೂಡಿಸುವ ಕೆಲಸ ಮಾಡಿದರು. ಪ್ಯಾರಿಸ್ಸಿನ ವಿಶ್ವ ಪಶು ಆರೋಗ್ಯ ಸಂಸ್ಥೆ 2002ರಲ್ಲಿ ಸೇರಿಸಿದ ಪ್ರಾಣಿ ಕ್ಷೇಮದ ತಜ್ಞಮಂಡಲಿಯಲ್ಲಿ ಅವರೂ ಸದಸ್ಯರಾಗಿ ದುಡಿದರು. 2005ರಲ್ಲಿ ಸಂಸ್ಥೆ ತನ್ನ ಮೊದಲ ಕ್ಷೇಮ ನಿಯಮಗಳನ್ನು ಅಂಗೀಕರಿಸಿತು: ನೆಲದ ಮೇಲೆ, ಹಡಗಿನಲ್ಲಿ ಪ್ರಾಣಿಗಳನ್ನು ಸಾಗಿಸುವ ಕ್ರಮ, ಆಹಾರಕ್ಕಾಗಿ ವಧಿಸುವ ಕ್ರಮ, ರೋಗ ತಡೆಯಲು ಕೊಲ್ಲಬೇಕಾದಾಗಿನ ಕ್ರಮ.

ವಧೆಗೂ ಕ್ಷೇಮಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಮಾಂಸ ತಿನ್ನಬೇಕೆ ಬಾರದೆ ಎಂಬುದು ಬೇರೆ ವಾದ. ಪ್ರಾಣಿ ಅಲ್ಲಿಗೆ ಹೋಗುವುದಾದರೆ ಕೊನೆಯ ಗಳಿಗೆಯವರೆಗೂ ಅದಕ್ಕೆ ಭಯ, ನೋವು ಕಡಿಮೆಯಾಗಲೆಂಬುದೇ ಇಲ್ಲಿನ ವಾದ. ಧರ್ಮದ ನಂಬಿಕೆಗಳನ್ನು ಬದಿಗೊತ್ತಿ ಈ ಮಾತನ್ನು ಆಡಲಾಗದು. ರಹಮಾನರು 2017ರಲ್ಲಿ ಇಸ್ಲಾಮಿನ ದೃಷ್ಟಿಯಿಂದ ಪ್ರಾಣಿ ಕ್ಷೇಮವನ್ನು ಕುರಿತು ಲೇಖನವನ್ನೇ ಬರೆದರು. ಇನ್ನೊಂದು ತೊಡಕೂ ಉಂಟು. ಸಾವಿರ ಹಸುಗಳ ಕೊಟ್ಟಿಗೆಗೂ ಎರಡೇ ಹಸು ಸಾಕುವ ಮನೆಗೂ ಒಂದೇ ನಿಯಮ ಹೊಂದಬೇಕು. ಎರಡು ಹಸುವಿನ ಮನೆಯನ್ನು ಕಂಡವರು ಆ ಸಭೆಯಲ್ಲಿ ಇರುವುದು ಅದಕ್ಕಾಗಿಯೇ ಅಗತ್ಯ.

ನಿಯಮ ಬರೆದಷ್ಟಕ್ಕೆ ಹಿಂಸೆ ನಿಲ್ಲುವುದಿಲ್ಲ. 1960ರ ಕಾಯಿದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ; ಬೆಲೆಗಳು ಏರಿದಂತೆಲ್ಲ ಆ ದಂಡದ ಅಂಜಿಕೆ ಕರಗಿತು. ಆದುದರಿಂದ ಶಾಸ್ತ್ರ ಕಾಲೇಜಿನಿಂದ ಹೊರಟು ಜಾತ್ರೆಯವರೆಗೆ ನಡೆದು ಬರಬೇಕು. ಮುಳಬಾಗಿಲು ತಾಲ್ಲೂಕಿನ ಆವನಿಯ ದನಗಳ ಜಾತ್ರೆಗೆ ನೀವು ಹೋಗುವುದಾದರೆ, ಕೊಂಡ ರಾಸುಗಳನ್ನು ತುಂಬುವ ಲಾರಿಯತ್ತ ನೋಡಿ. 1978ರ ಸಾಗಣೆ ನಿಯಮದಂತೆ ಒಂದು ಲಾರಿಗೆ ಆರು ದನಗಳಿಗಿಂತ ಹೆಚ್ಚು ಕೂಡದು. ಏಳನೆಯದನ್ನು ಹತ್ತಿಸುವಾಗ, ಈ ಲೆಕ್ಕವನ್ನು ತಿಳಿದ ಒಬ್ಬರಾದರೂ ಪಕ್ಕದಲ್ಲಿದ್ದು “ಬೇಡ” ಎನ್ನಬೇಕು.